ಹುರಡಾ ಕುಣಿಯ ಕೆಂಡ, ನಮ್ಮ ದಪ್ಪು

ಗೀಗೀ ಮೇಳದಲ್ಲಿ ನನ್ನ ಜಾಗ ಹಿಂದೆ. ಮುಂದೆ ಕಾಕಾ ದಪ್ಪು, ಅಂದರೆ ದುಂಡು ಚೌಕಟ್ಟಿಗೆ ಚರ್ಮ ಬಿಗಿದ ಕೈವಾದ್ಯ, ಹಿಡಿದು ನಿಲ್ಲುತ್ತಾರೆ. ಅವರ ಬೆನ್ನಿಗೆ ಎಡಗಡೆ ನಾನು ತುಂತುಣಿ ಹಿಡಿದು ನಿಲ್ಲುತ್ತೇನೆ, ಬಲಗಡೆ ಅಕ್ಕ ತಾಳ ಹಿಡಿದು. ಕಾಕಾ ಒಂದು ನುಡಿ ಹಾಡಿ ಮುಗಿಸುವ ಹೊತ್ತಿಗೆ ನಾವಿಬ್ಬರೂ ಅದರ ಕೊನೆಯ ಮಾತನ್ನು ಎತ್ತಿಕೊಂಡು "ಗೀಯ ಗೀಯ" ಎಂದು ಮೇಲಕ್ಕೆ ಒಯ್ಯಬೇಕು. ಹಿಮ್ಮೇಳದ ಕೆಲಸ ಇಷ್ಟೇ. ಇಷ್ಟು ಕಲಿಯಲು ನನಗೆ ಎಂಟು ತಿಂಗಳು ಹಿಡಿಯಿತು.

ನಾವು ಆರು ಜನ. ಎಲ್ಲರೂ ಪುಣೆಗೆ ಹೊಟ್ಟೆಪಾಡಿಗೆ ಬಂದವರು, ಇಲ್ಲವೇ ಹಾಗೆ ಬಂದವರ ಮಕ್ಕಳು. ಕಾಕಾ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು, ಒಂದು ಹೌಸಿಂಗ್ ಸೊಸೈಟಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಹುಡುಗನಾಗಿದ್ದಾಗ ಊರಿನ ಮೇಳದಲ್ಲಿ ಹಾಡಿದವರು. ನಮ್ಮಲ್ಲಿ ಈ ಪದಗಳನ್ನು ಕಲಿಸುವವರ ಎದುರು ಕೂತು ಕಲಿತವರು ಅವರೊಬ್ಬರೇ. ಅಕ್ಕ ಕಲಬುರಗಿ ಕಡೆಯವರು, ನರ್ಸ್. ಪೇಟಿ (ಹಾರ್ಮೋನಿಯಂ) ನುಡಿಸುವ ಅಜ್ಜ ಧಾರವಾಡದವರು, ಕೆಲಸದಿಂದ ನಿವೃತ್ತರು. ಹಲಗಿ (ತಮಟೆ) ಬಾರಿಸುವ ಹುಡುಗ ಇಲ್ಲೇ ಹುಟ್ಟಿ ಬೆಳೆದವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಗಿಟಾರಿನವನು ಶಿವಮೊಗ್ಗದವನು, ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುತ್ತೇನೆ.

ಮೊದಲು ತುಂತುಣಿಯ ಬಗ್ಗೆ ಹೇಳಬೇಕು, ಯಾಕೆಂದರೆ ಇದನ್ನು ನೋಡಿರುವವರು ಈಗ ಕಡಿಮೆ. ಒಂದು ಪುಟ್ಟ ಮರದ ಕೊಳಗ ಇದೆ ಅಂದುಕೊಳ್ಳಿ. ಅದರ ತಳಕ್ಕೆ ಚರ್ಮ ಬಿಗಿದಿರುತ್ತಾರೆ. ಕೊಳಗದ ಒಂದು ಪಕ್ಕಕ್ಕೆ ಬಿದಿರಿನ ಕೋಲು, ಕೋಲಿನ ತುದಿಯಲ್ಲಿ ಬಿರಡೆ. ಚರ್ಮದ ನಡುವಿನಿಂದ ಹೊರಟ ಒಂದೇ ಒಂದು ತಂತಿ ಕೊಳಗದೊಳಗಿಂದ ಹಾದು ಬಿರಡೆಗೆ ಹೋಗಿ ಸುತ್ತಿಕೊಳ್ಳುತ್ತದೆ. ಸಣ್ಣ ಕಡ್ಡಿಯಿಂದ ಮೀಟಿದರೆ "ತುಣ್ ತುಣ್" ಅನ್ನುತ್ತದೆ. ಹೆಸರು ಬಂದದ್ದೇ ಆ ಸದ್ದಿನಿಂದ. ಮರಾಠಿಯಲ್ಲೂ ಇದನ್ನು ತುಣತುಣೆ ಎಂದೇ ಕರೆಯುತ್ತಾರೆ. ಇದರಲ್ಲಿ ರಾಗ ನುಡಿಸಲು ಬರುವುದಿಲ್ಲ. ಒಂದೇ ಸ್ವರ, ಒಂದೇ ನಡಿಗೆ. ಆದರೆ ಅದು ನಿಂತರೆ ಹಾಡಿನ ಕಾಲ ಕೆಳಗಿನ ನೆಲ ಜಾರಿದಂತೆ ಆಗುತ್ತದೆ. ನನಗೆ ಈ ವಾದ್ಯದ ಮೇಲೆ ಬಹಳ ಪ್ರೀತಿ.

ಗೀಗೀ ಪದ ಅಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಿಗೆ ವಿವರಿಸುವುದೇನೂ ಬೇಡ. ಲಾವಣಿಯ ಮನೆತನದ ಹಾಡು. ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಊರೂರಿಗೆ ಸುದ್ದಿ ಮುಟ್ಟಿಸಿದ ಹಾಡು. ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಒಂದು ಪಕ್ಷ ಗಂಡು ಹೆಚ್ಚು ಎಂದು ವಾದ ಹೂಡಿದರೆ ಇನ್ನೊಂದು ಹೆಣ್ಣು ಹೆಚ್ಚು ಎಂದು ಎದುರು ನಿಲ್ಲುತ್ತದೆ. ಜಾತ್ರೆಯಲ್ಲಿ ರಾತ್ರಿ ಶುರುವಾದರೆ ಬೆಳಗಿನ ತನಕ ಸವಾಲು, ಜವಾಬು. ಗಡಿಯ ಆಚೆ ಮರಾಠಿಯಲ್ಲೂ ಇದೇ ಜಗಳ ಕಲಗಿ-ತುರಾ ಎಂಬ ಹೆಸರಲ್ಲಿ ನಡೆಯುತ್ತದೆ. ಅಲ್ಲಿನ ಶಾಹೀರರ, ಅಂದರೆ ಹಾಡುಗಾರರ, ಕೈಯಲ್ಲಿ ಡಫ, ನಮ್ಮವರ ಕೈಯಲ್ಲಿ ದಪ್ಪು. ಅವರ ಹಿಮ್ಮೇಳ "ಜೀ ಜೀ ರಂ ಜೀ" ಅನ್ನುತ್ತದೆ, ನಮ್ಮದು "ಗೀಯ ಗೀಯ" ಅನ್ನುತ್ತದೆ. ಇದನ್ನು ನಾನು ಮೊದಲೇ ಕೇಳಿ ಬಲ್ಲೆ. ಆದರೆ ಕೇಳಿ ತಿಳಿಯುವುದು ಬೇರೆ, ಎದುರಿಗೆ ಆಗುವುದು ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ನಾವು ಶುರು ಮಾಡಿದ್ದು ಮೇ ತಿಂಗಳಲ್ಲಿ, ಕರ್ವೆ ನಗರದ ಒಂದು ಕಟ್ಟಡದ ಟೆರೇಸಿನ ಮೇಲೆ. ಮಳೆ ಬಂದ ಮೇಲೆ ಪೇಟಿ ಅಜ್ಜನ ಹಾಲ್‌ಗೆ ಇಳಿದೆವು. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆಯಲ್ಲಿ ಹಲಗಿ ಬಾರಿಸಿದರೆ ಏನಾಗುತ್ತದೆ ಗೊತ್ತಲ್ವಾ? ಮೂರನೇ ವಾರಕ್ಕೇ ಕೆಳಗಿನ ಮನೆಯವರು ಬಂದರು. ಅವರ ಮಗಳಿಗೆ ಪರೀಕ್ಷೆ ಇತ್ತು, ಅವರ ತಪ್ಪೇನಿಲ್ಲ. ಅಲ್ಲಿಂದ ಗಣಪತಿ ಹಬ್ಬ ಮುಗಿಯುವವರೆಗೆ ಹಲಗಿಯನ್ನು ಮೂಲೆಯಲ್ಲಿಟ್ಟು ಬರೀ ಬಾಯಿಂದ ಅಭ್ಯಾಸ ಮಾಡಿದೆವು. ಈಗ ನೋಡಿದರೆ ಅದೇ ಒಳ್ಳೆಯದಾಯಿತು. ವಾದ್ಯ ಇಲ್ಲದಾಗ ನಮ್ಮ ದನಿಯ ತಪ್ಪುಗಳೆಲ್ಲ ನಮಗೇ ಕೇಳಿಸಿದವು.

ಹಿಮ್ಮೇಳದಲ್ಲಿ ನಾನು ಮಾಡುತ್ತಿದ್ದ ದೊಡ್ಡ ತಪ್ಪು ಕಾಯುವುದು. ಕಾಕಾ ನುಡಿ ಮುಗಿಸಲಿ, ಆಮೇಲೆ ನಾನು ಎತ್ತಿಕೊಳ್ಳುತ್ತೇನೆ ಎಂದು ಕಾಯುತ್ತಿದ್ದೆ. ನಡುವೆ ಒಂದು ಸಣ್ಣ ಖಾಲಿ ಜಾಗ ಬೀಳುತ್ತಿತ್ತು. ಕಾಕಾ ಒಂದು ದಿನ ಹಾಡು ನಿಲ್ಲಿಸಿ ಹೇಳಿದರು: "ತಮ್ಮಾ, ನನ್ನ ಉಸಿರು ಇನ್ನಾ ಇದ್ದಾಗ್ಲೇ ನೀ ಬರಬೇಕು. ಬಾವ್ಯಾಗಿಂದ ಕೊಡ ಎತ್ತೋರು ಇನ್ನೊಬ್ರ ಕೈ ಬಂದ ಮ್ಯಾಲೇ ಕೈ ಬಿಡ್ತಾರ." ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವತ್ತಿನಿಂದ ಅವರ ಬಾಯಿ ನೋಡುವುದು ಬಿಟ್ಟು ಭುಜ ನೋಡತೊಡಗಿದೆ. ನುಡಿಯ ಕೊನೆ ಬರುವಾಗ ಅವರ ಬಲ ಭುಜ ಒಂದು ಬೆರಳಿನಷ್ಟು ಕೆಳಗೆ ಇಳಿಯುತ್ತದೆ, ದಪ್ಪು ಸ್ವಲ್ಪ ಓರೆಯಾಗುತ್ತದೆ. ಅದೇ ನಮಗೆ ಗುರುತು.

ಗಿಟಾರಿನವನಿಗೆ ಇದು ಒಗ್ಗಲಿಲ್ಲ. ಅವನು ಒಂದು ಎರಡು ಮೂರು ನಾಲ್ಕು ಎಂದು ಎಣಿಸುವ ಹುಡುಗ. ಗೀಗೀ ಪದದಲ್ಲಿ ಕಾಕಾ ಒಮ್ಮೊಮ್ಮೆ ಒಂದು ಸಾಲನ್ನು ಮಾತಿನಂತೆ ಉದ್ದಕ್ಕೆ ಎಳೆಯುತ್ತಾರೆ, ಒಮ್ಮೊಮ್ಮೆ ಒಂದೇ ಉಸಿರಿನಲ್ಲಿ ಉದುರಿಸುತ್ತಾರೆ. ಎಣಿಕೆಗೆ ಸಿಗುವುದಿಲ್ಲ. ಎರಡು ತಿಂಗಳು ಪಾಪ ಪಟ್ಟುಬಿಡದೆ ಪ್ರಯತ್ನ ಮಾಡಿದ. ಕೊನೆಗೆ ಅವನೇ "ಈ ಹಾಡಿಗೆ ಗಿಟಾರ್ ಬೇಡ ಅಣ್ಣ, ನಾನು ಕೈಚಪ್ಪಾಳೆಗೆ ನಿಲ್ಲುತ್ತೇನೆ" ಎಂದ. ತನ್ನ ವಾದ್ಯವನ್ನು ತಾನೇ ಪಕ್ಕಕ್ಕಿಟ್ಟ ಅವನ ಮೇಲೆ ನನಗೆ ಗೌರವ ಜಾಸ್ತಿಯಾಯಿತು. ಜನಪದ ಎಂದ ಕೂಡಲೇ ಗಿಟಾರ್, ಡ್ರಮ್ಸ್ ಸೇರಿಸಿ ಗಟ್ಟಿಯಾಗಿ ಬಾರಿಸುವುದು ಈಗ ನಡೆಯುತ್ತಿದೆ. ಕೆಲವು ಹಾಡಿಗೆ ಅದು ಕೂಡುತ್ತದೆ, ಕೆಲವಕ್ಕೆ ಕೂಡುವುದಿಲ್ಲ. ಕೂಡದ ಕಡೆ ಸುಮ್ನೆ ಇರುವುದೂ ಸಂಗೀತವೇ ಎಂದು ನಾನು ನಂಬುತ್ತೇನೆ.

ಅಕ್ಕನ ಬೀಸುವ ಪದಕ್ಕೆ ಮಾತ್ರ ಅವನ ಗಿಟಾರ್ ಚೆನ್ನಾಗಿ ಹೊಂದಿತು. ಬೀಸುವ ಪದಗಳು ಬಹಳಷ್ಟು ತ್ರಿಪದಿ, ಮೂರು ಸಾಲು. ಬೀಸುಕಲ್ಲಿನ ಸುತ್ತಿಗೆ ತಕ್ಕ ನಡಿಗೆ. ಅಕ್ಕ ಅದನ್ನು ತಮ್ಮ ಅಜ್ಜಿಯಿಂದ ಕಲಿತದ್ದು. ಹಾಡುವಾಗ ಅವರ ಬಲಗೈ ತಾನಾಗಿ ಸುತ್ತುತ್ತದೆ, ಗೂಟ ಹಿಡಿದ ಮುಷ್ಟಿಯ ಹಾಗೆ. ನಾವು ಅದನ್ನು ಹೇಳಿದಾಗ ಅವರಿಗೇ ಆಶ್ಚರ್ಯ. ಗಿಟಾರಿನವನು ಆ ಕೈ ನೋಡಿಕೊಂಡೇ ತಂತಿ ಮೀಟುತ್ತಾನೆ, ಎಣಿಸುವುದಿಲ್ಲ.

ಅಕ್ಟೋಬರಿನಲ್ಲಿ ನಾವು ಮುಠಾ ನದಿಯ ದಡಕ್ಕೆ ಹೋದೆವು, ಮ್ಹಾತ್ರೆ ಸೇತುವೆಯ ಹತ್ತಿರ. ಮಳೆಗಾಲದಲ್ಲಿ ಆ ದಡವೆಲ್ಲ ಢೋಲ್-ತಾಶಾ ಪಥಕಗಳದ್ದು, ಅಂದರೆ ದೊಡ್ಡ ಢೋಲು ಮತ್ತು ಕಡ್ಡಿಯಿಂದ ಬಾರಿಸುವ ಪುಟ್ಟ ತಾಶಾಗಳ ತಂಡಗಳದ್ದು. ಗಣಪತಿ ಹಬ್ಬಕ್ಕೆ ಎರಡು ತಿಂಗಳು ಮುಂಚಿನಿಂದ ಸಂಜೆಯಾದರೆ ಸಾಕು, ಕಾಲೇಜು ಹುಡುಗ ಹುಡುಗಿಯರು, ಆಫೀಸು ಮುಗಿಸಿ ಬಂದವರು ಸೊಂಟಕ್ಕೆ ಢೋಲು ಕಟ್ಟಿಕೊಂಡು ಸಾಲಾಗಿ ನಿಲ್ಲುತ್ತಾರೆ. ಯಾರಿಗೂ ಸಂಬಳ ಇಲ್ಲ. ಹಗ್ಗ ಎಳೆದು ಢೋಲು ಬಿಗಿಯುವ ಕೆಲಸಕ್ಕೇ ಅರ್ಧ ತಾಸು ಹೋಗುತ್ತದೆ. ನಮ್ಮ ಹಲಗಿ ಹುಡುಗ ಎರಡು ವರ್ಷ ಅಂಥ ಒಂದು ಪಥಕದಲ್ಲಿ ತಾಶಾ ಬಾರಿಸಿದವನು. ಅವನ ಕೈಯ ಚುರುಕು ಬಂದದ್ದು ಅಲ್ಲಿಂದಲೇ. ನಮಗೆ ತೊಂದರೆ ಬಂದದ್ದೂ ಅಲ್ಲಿಂದಲೇ. ತಾಶಾದ ಕೈ ಓಡುತ್ತದೆ. ಹಾಡು ಶುರುವಾಗಿ ಎರಡು ನಿಮಿಷಕ್ಕೆ ಹಲಗಿ ಮುಂದೆ, ಹಾಡು ಹಿಂದೆ. ಅದಕ್ಕೆ ಕಾಕಾ ಅವನನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿ "ತುಂತುಣಿ ಕೇಳ್ಕೊಂತ ಬಾರ್ಸು. ಅದು ಎಲ್ಲಿರ್ತದೋ ನೀನೂ ಅಲ್ಲೇ ಇರು" ಎಂದರು. ಅಲ್ಲಿಗೆ ನನ್ನ ಒಂದು ತಂತಿಯ ವಾದ್ಯಕ್ಕೆ ಇಡೀ ಮೇಳದ ಹೊಣೆ ಬಂತು. ಆ ದಿನ ಮನೆಗೆ ಬಂದು ಹೆಂಡತಿಗೆ ಹೇಳಿದಾಗ ನನ್ನ ದನಿ ನಡುಗುತ್ತಿತ್ತು.

ಬಯಲಲ್ಲಿ ಹಾಡುವುದು ಎಷ್ಟು ಕಷ್ಟ ಎಂದು ತಿಳಿದದ್ದೂ ಆ ದಡದಲ್ಲೇ. ಕೋಣೆಯಲ್ಲಿ ಗೋಡೆ ನಮ್ಮ ದನಿಯನ್ನು ನಮಗೇ ತಿರುಗಿಸಿ ಕೊಡುತ್ತದೆ. ಬಯಲಲ್ಲಿ ಬಾಯಿಂದ ಹೋದದ್ದು ಹೋಯಿತು. ಕೇಳಿಸುತ್ತಿಲ್ಲವಲ್ಲ ಎಂದು ಇನ್ನಷ್ಟು ಕೂಗುತ್ತೇವೆ, ಅರ್ಧ ತಾಸಿಗೆ ಗಂಟಲು ಕಟ್ಟುತ್ತದೆ. ಅಕ್ಕನಿಗೂ ನನಗೂ ಮೊದಲ ಎರಡು ಭಾನುವಾರ ಹಾಗೇ ಆಯಿತು. ಆಮೇಲೆ ನಾವು ಹತ್ತಿರ ಹತ್ತಿರ ನಿಂತೆವು. ಒಬ್ಬರ ದನಿ ಇನ್ನೊಬ್ಬರಿಗೆ ಗೋಡೆಯಾಯಿತು. ಹಿಮ್ಮೇಳದವರು ಯಾಕೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ ಎಂದು ಆಗ ಗೊತ್ತಾಯಿತು. ಪೇಟಿ ಅಜ್ಜ ಶ್ರುತಿಯನ್ನೂ ಬದಲಾಯಿಸಿದರು. ಬಿಳಿ ನಾಲ್ಕಕ್ಕೆ, ಅಂದರೆ ಪೇಟಿಯ ನಾಲ್ಕನೇ ಬಿಳಿ ಮನೆಗೆ, ಏರಿಸಿದ ಮೇಲೆ ಕಾಕಾನ ದನಿ ನದಿಯ ಆಚೆ ದಡಕ್ಕೆ ಹೋಗಿ ಮುಟ್ಟತೊಡಗಿತು.

ಅಲ್ಲಿ ಕೂತೇ ಕಾಕಾ ಒಂದು ಪದ ಕಟ್ಟಿದರು. ಮುಠಾ, ಮುಳಾ ಜೊತೆ ಸೇರಿ, ಮುಂದೆ ಹೋಗಿ ಭೀಮೆಗೆ ಬೀಳುತ್ತದೆ. ಭೀಮೆ ಉಜನಿ ಅಣೆಕಟ್ಟು ದಾಟಿ, ಪಂಢರಪುರ ದಾಟಿ, ಅವರ ಇಂಡಿ ತಾಲೂಕಿನ ಅಂಚಿಗೆ ಬರುತ್ತದೆ. ಅವರು ಹಾಡಿದ್ದು ಇಷ್ಟು:

"ಮುಠಾ ಹೊಳಿ ನೀರು ನೋಡೋ ಭೀಮಾ ಆಗಿ ಹರಿತಾದ,
ಊರ ಬಿಟ್ಟು ಬಂದವ್ರ ಸುದ್ದಿ ಊರಿಗಿ ಅದು ಒಯ್ತಾದ."

ಮೊದಲ ಸಲ ಕೇಳಿದಾಗ ನಾವು ಯಾರೂ "ಗೀಯ ಗೀಯ" ಅನ್ನಲಿಲ್ಲ. ಹಿಮ್ಮೇಳ ಮರೆತು ನೀರು ನೋಡುತ್ತ ನಿಂತಿದ್ದೆವು.

ಡಿಸೆಂಬರಿನಲ್ಲಿ ಹಲಗಿ ಹುಡುಗನ ಗೆಳೆಯನಿಂದ ಕರೆ ಬಂತು. ಸಂಕ್ರಾಂತಿಯ ಹಿಂದಿನ ಭಾನುವಾರ ಸಿಂಹಗಡ ರಸ್ತೆ ಕಡೆಯ ಒಂದು ಮೈದಾನದಲ್ಲಿ ಸಣ್ಣ ಚಳಿಗಾಲದ ಮೇಳ. ರೈತರು ಜೋಳ, ಬೆಲ್ಲ, ಎಳ್ಳು ತಂದು ಮಾರುತ್ತಾರೆ, ಕಂಬಳಿಯವರು ಬರುತ್ತಾರೆ, ಸಂಜೆ ಹಾಡು ಕುಣಿತ. ನಮಗೆ 40 ನಿಮಿಷ. ಹಣ ಇಲ್ಲ, ಟೆಂಪೊ ಬಾಡಿಗೆ ಮತ್ತು ಊಟ. ಒಪ್ಪಿಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವತ್ತು ಮೂರು ಗಂಟೆಗೇ ಮೈದಾನ ಮುಟ್ಟಿದೆವು. ವೇದಿಕೆ ಹದಿನಾರು ಅಡಿ ಉದ್ದ ಇರಬಹುದು, ಮೇಲೆ ಕೆಂಪು ಕಾರ್ಪೆಟ್. ಸೌಂಡಿನ ಹುಡುಗ ಒಳ್ಳೆಯವನು, ಆದರೆ ತುಂತುಣಿಯನ್ನು ಅವತ್ತೇ ಮೊದಲು ನೋಡಿದ್ದು. ಮೈಕನ್ನು ಮೇಲೆ ತಂತಿಯ ಹತ್ತಿರ ಹಿಡಿದ, ಬರೀ ಕಡ್ಡಿಯ ಟಕಟಕ ಕೇಳಿಸಿತು. ಸದ್ದು ಬರುವುದು ತಳದ ಚರ್ಮದಿಂದ ಎಂದು ತೋರಿಸಿದೆ. ಮೈಕನ್ನು ಕೆಳಗಿನಿಂದ ತಿರುಗಿಸಿ ಇಟ್ಟ ಕೂಡಲೇ ನಾಲ್ಕೂ ಸ್ಪೀಕರಿನಿಂದ ತುಣ್ ತುಣ್ ಹೊರಟಿತು. ಖಾಲಿ ಮೈದಾನದಲ್ಲಿ ಕುರ್ಚಿ ಜೋಡಿಸುತ್ತಿದ್ದ ಇಬ್ಬರು ಕೆಲಸ ಬಿಟ್ಟು ತಿರುಗಿ ನೋಡಿದರು. ಹಲಗಿಗೆ ಮೈಕೇ ಬೇಡ ಎಂದು ತೀರ್ಮಾನವಾಯಿತು. ಬಯಲಲ್ಲೂ ಅದು ಎಲ್ಲರನ್ನೂ ನುಂಗಿಹಾಕುತ್ತದೆ.

ನಮ್ಮ ಹೊತ್ತು ಸಂಜೆ ಆರೂವರೆ. ಆರೂವರೆ ಏಳಾಯಿತು, ಏಳು ಎಂಟಾಯಿತು. ಮುಂಚಿನವರ ಕಾರ್ಯಕ್ರಮ ಲಂಬಿಸುತ್ತಲೇ ಹೋಯಿತು. ರಾತ್ರಿ 10ರ ನಂತರ ಧ್ವನಿವರ್ಧಕ ಹಚ್ಚುವಂತಿಲ್ಲ, ಅದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ನಮ್ಮ ನಂತರ ಇನ್ನೂ ಎರಡು ತಂಡ ಇದ್ದವು. ಸಂಘಟಕರು ಬಂದು ಕೈಮುಗಿದು "40 ಆಗುವುದಿಲ್ಲ, 20 ನಿಮಿಷದಲ್ಲಿ ಮುಗಿಸಿ" ಎಂದರು. ಎಂಟು ತಿಂಗಳು ಮಾಡಿದ್ದನ್ನು ಅರ್ಧಕ್ಕೆ ಕತ್ತರಿಸುವುದು ಹೇಗೆ? ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ತತ್ವಪದ ಹೋಯಿತು, ಸವಾಲ್-ಜವಾಬ್ ಹೋಯಿತು. ಪೇಟಿ ಅಜ್ಜ ಆ ತತ್ವಪದಕ್ಕೆ ತಿಂಗಳುಗಟ್ಟಲೆ ಬೆರಳು ಪಳಗಿಸಿದ್ದರು. "ಇರ್ಲಿ, ಮನ್ಯಾಗ ನುಡಸ್ತೀನಿ" ಎಂದು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಅದು ನೋಡಲು ನನಗೆ ಆಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ತೊಂದರೆ. ಜನವರಿಯಲ್ಲಿ ಪುಣೆಯ ಸಂಜೆ ಬೇಗ ತಣ್ಣಗಾಗುತ್ತದೆ. ಇಬ್ಬನಿ ಇಳಿದು ಕಾರ್ಪೆಟ್ ಒದ್ದೆಯಾಗಿತ್ತು. ಕಾಕಾ ದಪ್ಪಿನ ಮೇಲೆ ಬೆರಳಾಡಿಸಿದರು. "ಢಪ್" ಎಂದು ಒದ್ದೆ ಬಟ್ಟೆಯ ಸದ್ದು. "ಸಡ್ಲ ಆಗ್ಯದ. ಬೆಂಕಿ ತೋರ್ಸ್ಬೇಕು." ಚರ್ಮ ಅಂದರೆ ಹಾಗೆ. ತೇವ ಕುಡಿದರೆ ಜೋಲುತ್ತದೆ, ಬಿಸಿ ತಾಗಿದರೆ ಬಿಗಿಯುತ್ತದೆ. ಊರಲ್ಲಾದರೆ ಒಂದು ಹಿಡಿ ಹುಲ್ಲು ಹಚ್ಚಿದರೆ ಆಯಿತು. ಇಲ್ಲಿ ವೇದಿಕೆಯ ಸುತ್ತ ಬೆಂಕಿ ಹಚ್ಚುವುದು ಬೇಡ ಎಂದು ಮೊದಲೇ ಹೇಳಿದ್ದರು, ಅದು ಸರಿಯೇ, ಸುತ್ತ ಬಟ್ಟೆಯ ಪರದೆಗಳಿದ್ದವು. ಫ್ಲಡ್‌ಲೈಟಿಗೆ ಹಿಡಿದು ನೋಡೋಣ ಎಂದು ಹೋದೆವು. ಹಳೆಯ ಹ್ಯಾಲೊಜೆನ್ ದೀಪ ಒಲೆಯ ಹಾಗೆ ಕಾಯುತ್ತಿತ್ತು. ಇವು ಎಲ್ಇಡಿ, ಬೆಳಕು ಮಾತ್ರ. ಹಲಗಿ ಹುಡುಗನ ಬಳಿ ಇನ್ನೊಂದು ಫೈಬರ್ ಹಲಗಿ ಇತ್ತು. ಅದಕ್ಕೆ ಇಬ್ಬನಿಯೂ ಇಲ್ಲ, ಮಳೆಯೂ ಇಲ್ಲ. ಆದರೆ ಅದರ ಸದ್ದು ಟಣಟಣ ಎಂದು ಮೇಲೆಯೇ ತೇಲುತ್ತದೆ, ಎದೆಗೆ ಇಳಿಯುವುದಿಲ್ಲ. ಮದುವೆ ಮೆರವಣಿಗೆಗೆ ಸಾಕು, ಈ ಹಾಡಿಗೆ ಸಾಲದು. ಕಾಕಾ ಬೇಡವೆಂದರು. ದಪ್ಪಿಗಂತೂ ಬದಲಿ ಇರಲೇ ಇಲ್ಲ.

ಆಗ ಮೂಗಿಗೆ ಬಂತು ವಾಸನೆ. ಬೆರಣಿ ಹೊಗೆ, ಅದರಲ್ಲಿ ಸುಡುತ್ತಿರುವ ಎಳೆ ಜೋಳ. ಮೈದಾನದ ಆ ಮೂಲೆಯಲ್ಲಿ ಒಂದು ರೈತ ಕುಟುಂಬ ಹುರಡಾ ಮಾಡುತ್ತಿತ್ತು. ನೆಲದಲ್ಲಿ ಕುಣಿ ತೋಡಿ, ಬೆರಣಿ ಕೆಂಡ ಮಾಡಿ, ಹಸಿರು ಜೋಳದ ತೆನೆಯನ್ನು ಬೂದಿಯೊಳಗೆ ತೂರಿ ಸುಟ್ಟು, ಕೈಯಲ್ಲಿ ತಿಕ್ಕಿ ಕಾಳು ಉದುರಿಸಿ ಕೊಡುತ್ತಾರೆ. ನಮ್ಮ ಕಡೆ ಇದನ್ನೇ ಸೀತನಿ ಅನ್ನುತ್ತೇವೆ. ಕಾಕಾ ಮರಾಠಿಯಲ್ಲಿ ಕೇಳಿದರು. ಆ ಮನೆಯ ಹೆಂಗಸು ಏನೂ ಮಾತಾಡದೆ ತೆನೆಗಳನ್ನು ಒಂದು ಪಕ್ಕಕ್ಕೆ ಸರಿಸಿ ಕೆಂಡದ ಮೇಲೆ ಜಾಗ ಮಾಡಿಕೊಟ್ಟಳು.

ಕಾಕಾ ಕುಕ್ಕರುಗಾಲಲ್ಲಿ ಕೂತರು. ದಪ್ಪನ್ನು ಕೆಂಡದಿಂದ ಒಂದು ಮೊಳ ಮೇಲೆ ಹಿಡಿದು ಚಕ್ರದ ಹಾಗೆ ಮೆಲ್ಲಗೆ ತಿರುಗಿಸಿದರು. ಒಂದೇ ಕಡೆ ಕಾದರೆ ಚರ್ಮ ಸೀಳುತ್ತದೆ. ಪ್ರತಿ ಸುತ್ತಿಗೆ ಒಮ್ಮೆ ಹಿಂದಕ್ಕೆ ಎಳೆದು ನಡುಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಢಪ್. ಇನ್ನೊಂದು ಸುತ್ತು. ಢಬ್. ಇನ್ನೊಂದು. ಚರ್ಮದ ಮೇಲಿದ್ದ ತೇವದ ಕಪ್ಪು ಕಲೆ ಅಂಚಿನಿಂದ ನಡುವಿಗೆ ಕುಗ್ಗುತ್ತಾ ಬಂತು, ರೂಪಾಯಿ ನಾಣ್ಯದಷ್ಟಾಯಿತು, ಮಾಯವಾಯಿತು. ಆಮೇಲೆ ಬೆರಳು ತಾಗಿಸಿದಾಗ "ಠಣ್" ಎಂದು ಗಂಟೆಯ ಹಾಗೆ ನುಡಿಯಿತು. ಕುಣಿಯ ಸುತ್ತ ಕೂತು ತಿನ್ನುತ್ತಿದ್ದ ಮಕ್ಕಳೆಲ್ಲ ಬಾಯಿ ನಿಲ್ಲಿಸಿ ನೋಡಿದವು. ಹಲಗಿಯನ್ನೂ ಹಾಗೇ ಕಾಯಿಸಿ, ಎರಡನ್ನೂ ಅಕ್ಕನ ಶಾಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿ ವೇದಿಕೆಗೆ ಓಡಿದೆವು. ಬಿಸಿ ಆರುವುದರೊಳಗೆ ಶುರು ಮಾಡಬೇಕು.

ಎಂಟು ಹತ್ತಕ್ಕೆ ಅಕ್ಕನ ಬೀಸುವ ಪದದಿಂದ ತೆರೆದೆವು. ಮುಂದೆ ಸುಮಾರು ಇನ್ನೂರು ಜನ. ಅರ್ಧ ಮಂದಿ ತಿನ್ನುತ್ತ ಓಡಾಡುತ್ತಿದ್ದರು. ಹಾಡು ಕನ್ನಡದಲ್ಲಿ, ಕೇಳುವವರು ಹೆಚ್ಚಾಗಿ ಮರಾಠಿಯವರು. ಆದರೆ ಅಕ್ಕನ ಕೈ ಸುತ್ತತೊಡಗಿದ್ದೇ ಮುಂದಿನ ಸಾಲಿನ ನಾಲ್ಕೈದು ವಯಸ್ಸಾದ ಹೆಂಗಸರಿಗೆ ಗೊತ್ತಾಗಿಬಿಟ್ಟಿತು. ಮರಾಠಿಯಲ್ಲಿ ಬೀಸುಕಲ್ಲಿನ ಓವಿ ಎಂದು ಇದೇ ಕೆಲಸದ ಹಾಡುಗಳಿವೆ. ಒಬ್ಬಾಕೆ ಪಕ್ಕದವಳ ತೊಡೆ ತಟ್ಟಿ ಏನೋ ಹೇಳಿ ಕೈ ಸುತ್ತಿ ತೋರಿಸಿದಳು. ಹಾಡು ಮುಗಿಯುವ ಹೊತ್ತಿಗೆ ಆ ಸಾಲು ಪೂರ್ತಿ ಸುಮ್ಮನಾಗಿತ್ತು.

ಆಮೇಲೆ ಗೀಗೀ. ಗಿಟಾರಿನವನು ವಾದ್ಯ ಕೆಳಗಿಟ್ಟು ಚಪ್ಪಾಳೆಗೆ ಬಂದ. ಕಾಕಾ ದಪ್ಪು ಎತ್ತಿ ಒಂದು ಪೆಟ್ಟು ಕೊಟ್ಟರು. ನನ್ನ ಬೆನ್ನುಹುರಿಯವರೆಗೂ ಹೋಯಿತು. ಮೊದಲ ನುಡಿ, ಭುಜ ಇಳಿಯಿತು, ನಾವು ಎತ್ತಿಕೊಂಡೆವು. ಸರಿಯಾಗಿ ಬಂತು. ಎರಡನೆಯದೂ ಬಂತು. ಮೂರನೆಯ ನುಡಿಯಲ್ಲಿ ಹಲಗಿ ಸ್ವಲ್ಪ ಓಡಿತು. ಜನರನ್ನು ನೋಡಿ ಹುಡುಗನ ಕೈಗೆ ತಾಶಾ ನೆನಪಾಗಿತ್ತು. ನಾನು ತುಂತುಣಿಯನ್ನು ಅವನ ಕಿವಿಯ ಹತ್ತಿರ ಒಯ್ದು ಗಟ್ಟಿಯಾಗಿ ಮೀಟಿದೆ. ಅವನು ನನ್ನ ಕಡೆ ನೋಡಿದ, ಉಸಿರು ಬಿಟ್ಟ, ಹಿಂದಕ್ಕೆ ಬಂದ.

ಅಷ್ಟು ಗಟ್ಟಿಯಾಗಿ ಮೀಟಿದ್ದೇ ತಪ್ಪಾಯಿತು. ಚಳಿಗೆ ಬಿರಡೆ ಮೊದಲೇ ಸಡಿಲಾಗಿತ್ತು. ಅದು ಜಾರಿತು. ತಂತಿಯ ಸ್ವರ ಇಳಿಯಿತು, ಪೇಟಿ ಅಜ್ಜ ತಲೆ ಎತ್ತಿ ನೋಡಿದರು. ಶ್ರುತಿ ತಪ್ಪಿದ ತುಂತುಣಿ ನುಡಿಸುವುದಕ್ಕಿಂತ ನಿಲ್ಲಿಸುವುದೇ ಮೇಲು. ನಿಲ್ಲಿಸಿದೆ. ಒಂದು ಕೈಯಲ್ಲಿ ಬಿರಡೆ ಒತ್ತಿ ತಿರುಗಿಸುತ್ತಾ ಬಾಯಲ್ಲಿ ಹಿಮ್ಮೇಳ ಹಿಡಿದೆ. ಬಿರಡೆ ನಿಲ್ಲುತ್ತಿಲ್ಲ, ತಿರುಗಿಸಿದಷ್ಟೂ ಹಿಂದಕ್ಕೆ ಬರುತ್ತಿದೆ. ಕೈ ಬೆವರಿತು. ಕಾಕಾಗೆ ಬೆನ್ನ ಹಿಂದೆ ನೆಲ ಜಾರಿದ್ದು ತಿಳಿದಿತ್ತು, ಆದರೆ ತಿರುಗಲಿಲ್ಲ. ಮುಠಾ ಹೊಳೆಯ ಪದಕ್ಕೆ ಬಂದರು. "ಊರಿಗಿ ಅದು ಒಯ್ತಾದ" ಎಂದು ಭುಜ ಇಳಿಸಿದರು. ಅಕ್ಕ, ನಾನು ಇದ್ದ ದನಿಯನ್ನೆಲ್ಲ ಸೇರಿಸಿ "ಗೀಯ ಗೀಯ" ಎಂದೆವು.

ಆಗ ಎಡಗಡೆ, ಸ್ಪೀಕರ್ ಕಂಬದ ಹತ್ತಿರದಿಂದ, ಒಬ್ಬ ಮುದುಕ "ಜೀ ಜೀ ರಂ ಜೀ ಜೀ" ಎಂದು ಎಳೆದ. ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಕಂಬಳಿ. ಕೈಯಲ್ಲಿ ಹುರಡಾ ಪೊಟ್ಟಣ. ಅವರಿಗೆ ಹಾಡು ತಿಳಿಯಿತೋ ಇಲ್ಲವೋ, ಹಿಮ್ಮೇಳ ಎಲ್ಲಿ ಬರಬೇಕು ಎಂಬುದು ತಿಳಿದಿತ್ತು. ಅದು ರಕ್ತದಲ್ಲಿರುವ ಸಂಗತಿ. ಮುಂದಿನ ನುಡಿಗೆ ಅವರ ಜೊತೆ ಹತ್ತು ಜನ. ಅದರ ಮುಂದಿನದಕ್ಕೆ ಇಡೀ ಎಡಗಡೆ. ಕಾಕಾ ದಪ್ಪು ಬಾರಿಸುತ್ತಲೇ ಆ ಕಡೆ ತಿರುಗಿದರು. ಭುಜ ಇಳಿಸಿದ್ದು ಈ ಸಲ ನಮಗಲ್ಲ, ಅವರಿಗೆ. ನಾವು "ಗೀಯ ಗೀಯ", ಅವರು "ಜೀ ಜೀ ರಂ ಜೀ", ಎರಡೂ ಒಂದರ ಮೇಲೊಂದು ಬಿದ್ದು ಒಂದೇ ಆಗಿ ಹೋಯಿತು. ನನ್ನ ಕೈಯಲ್ಲಿ ತುಂತುಣಿ ಸುಮ್ಮನೆ ತೂಗುತ್ತಿತ್ತು. ನಾನು ಬಿರಡೆಯನ್ನು ಮರೆತಿದ್ದೆ. ಅಕ್ಕನ ಭುಜ ನನ್ನ ಭುಜಕ್ಕೆ ತಾಗಿಕೊಂಡು ನಡುಗುತ್ತಿತ್ತು. ನೋಡಿದರೆ ಅವರು ಹಾಡುತ್ತಲೇ ಅಳುತ್ತಿದ್ದರು.

20 ನಿಮಿಷ ಎಂದಿದ್ದರು, ನಾವು 27 ನಿಮಿಷ ತೆಗೆದುಕೊಂಡೆವು. ಸಂಘಟಕರು ಕೈಗಡಿಯಾರ ತೋರಿಸಲಿಲ್ಲ.

ಇಳಿದ ಮೇಲೆ ಆ ಮುದುಕರು ಬಂದರು. ನೇರ ಕಾಕಾನ ಹತ್ತಿರ ಹೋಗಿ ಯಾವ ಫಡ ಎಂದು ಕೇಳಿದರು. ಫಡ ಅಂದರೆ ಅವರಲ್ಲಿ ಮೇಳ. ಕಾಕಾ ಇಂಡಿ ಎಂದದ್ದೇ ಮುದುಕರು ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು. ಅವರದು ಜತ್ತ ತಾಲೂಕು, ಮಹಾರಾಷ್ಟ್ರದಲ್ಲೇ ಆದರೂ ಕರ್ನಾಟಕದ ಗಡಿಗೆ ಹತ್ತಿದ್ದು. ಮಗ ಪುಣೆಯಲ್ಲಿದ್ದಾನೆ, ಚಳಿಗಾಲ ಕಳೆಯಲು ಬಂದಿದ್ದಾರೆ. "ನಮ್ಮೂರಾಗೂ ಕನ್ನಡದಾಗ ಹಾಡ್ತಾರ. ಜಾತ್ರ್ಯಾಗ ಎರಡೂ ಆಗ್ತಾವ. ನಾವು ಯಾವ್ದು ಬಂದ್ರೂ ಹಿಂದ ನಿಂತು ಎಳೀತೀವಿ" ಎಂದರು. ಅವರೂ ಹಿಮ್ಮೇಳದವರು. ಇಪ್ಪತ್ತು ವರ್ಷ ತುಂತುಣಿ ಹಿಡಿದವರು. ನನ್ನ ಕೈಯಿಂದ ತುಂತುಣಿ ಇಸಿದುಕೊಂಡು ಬಿರಡೆಯನ್ನು ಹೊರಗೆ ಎಳೆದು ದೀಪದ ಬೆಳಕಿಗೆ ಹಿಡಿದರು. "ಇದು ನುಣ್ಣಗ ಆಗ್ಯದ ನೋಡು. ಸೀಮೆಸುಣ್ಣ ತಿಕ್ಕು. ಚಳಿಗಾಲದಾಗ ತಪ್ಪಿಸ್ಬ್ಯಾಡ."

ಹುರಡಾ ಕುಣಿಯ ಹತ್ತಿರ ಹೋಗಿ ಕೂತೆವು. ಅಕ್ಕ ತಂದಿದ್ದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಭೋಗಿಗೆ ಇನ್ನೂ ದಿನ ಇತ್ತು, ಆದರೆ ಅವತ್ತೇ ಭೋಗಿ ಅನ್ನಿಸಿತು. ಆ ಹೆಂಗಸು ಬೂದಿಯಿಂದ ತೆನೆ ತೆಗೆದು ತಿಕ್ಕಿ ಎಲ್ಲರ ಅಂಗೈಗೆ ಬಿಸಿ ಕಾಳು ಹಾಕಿದಳು, ದುಡ್ಡು ಮುಟ್ಟಲಿಲ್ಲ. ಹತ್ತಕ್ಕೆ ಸ್ಪೀಕರ್ ಆರಿತು. ಆರಿದ ಮೇಲೆ ಪೇಟಿ ಅಜ್ಜ ಜೇಬಿನಿಂದ ಆ ಚೀಟಿ ತೆಗೆದು, ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಟ್ಟುಹೋದ ತತ್ವಪದವನ್ನು ಶುರುವಿನಿಂದ ಕೊನೆಯವರೆಗೆ ನುಡಿಸಿದರು. ಕೇಳಿದವರು ಹತ್ತು ಹನ್ನೆರಡು ಜನ ಇರಬಹುದು. ಕಾಕಾ ದಪ್ಪನ್ನು ಸುಮ್ಮನೆ ಕೆಂಡದ ಮೇಲೆ ತಿರುಗಿಸುತ್ತಾ ಕೂತಿದ್ದರು, ಬಾರಿಸಲಿಲ್ಲ.

ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮಗಳ ಕಂಪಾಸ್ ಪೆಟ್ಟಿಗೆಯಿಂದ ಒಂದು ತುಂಡು ಸೀಮೆಸುಣ್ಣ ತೆಗೆದೆ. ಬಿರಡೆಯ ಸುತ್ತ ತಿಕ್ಕಿ, ತೂತಿಗೆ ಒತ್ತಿ ಕೂರಿಸಿ, ತಂತಿ ಎಳೆದೆ. ನಿಂತಿತು.